ಮೊಳೆಯಿಲ್ಲದ ಅಚ್ಚಿನ ಗುರುಗಳು

ಏಕಲವ್ಯನ ಕಥೆಯನ್ನು ಕೇಳದವರಿಲ್ಲ. ದ್ರೋಣರು ವಿದ್ಯೆ ಕಲಿಸಲು ಒಪ್ಪದಿದ್ದಾಗ ಆತ ಕಾಡಿಗೆ ಹೋಗಿ, ಮಣ್ಣಿನಿಂದ ಗುರುವಿನ ಮೂರ್ತಿಯನ್ನು ಮಾಡಿಕೊಂಡು, ಅದರೆದುರು ನಿಂತು ಬಿಲ್ಲುವಿದ್ಯೆಯನ್ನು ಸಾಧಿಸಿದ. ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಹೊಸ ಕಸುಬನ್ನು ಕಲಿಯಹೊರಡುವ ಪ್ರತಿಯೊಬ್ಬನೂ ಒಂದು ಬಗೆಯಲ್ಲಿ ಏಕಲವ್ಯನೇ ಸರಿ. ಮೂರ್ತಿ ಮಾತನಾಡುವುದಿಲ್ಲ, ಬಾಣ ಗುರಿ ತಪ್ಪಿದರೆ ಕೈಹಿಡಿದು ತಿದ್ದುವುದಿಲ್ಲ. ಆದರೂ ಏಕಲವ್ಯನಿಗೆ ಒಂದು ಸೌಕರ್ಯವಿತ್ತು. ಯಾರ ಮೂರ್ತಿಯನ್ನು ಮಾಡಬೇಕೆಂಬ ವಿಷಯದಲ್ಲಿ ಅವನಿಗೆ ಸಂದೇಹವಿರಲಿಲ್ಲ. ಇಂದಿನ ಏಕಲವ್ಯನ ಎದುರಿಗಾದರೋ ಹತ್ತಾರು ಮೂರ್ತಿಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದೂ ತಾನೇ ದ್ರೋಣನೆಂದು ಹೇಳಿಕೊಳ್ಳುತ್ತದೆ.

ಈ ಮಾತು ಎಲ್ಲ ವಿದ್ಯೆಗಳಿಗೂ ಅನ್ವಯಿಸಬಹುದಾದರೂ, ಗಣಕಯಂತ್ರದ ಮೂಲಕ ಅಕ್ಷರ ಜೋಡಿಸುವ ವಿದ್ಯೆಯಲ್ಲಿ ಅದರ ಸತ್ಯ ಚೆನ್ನಾಗಿ ಕಾಣಿಸುತ್ತದೆ. ಹಿಂದಿನ ಲೇಖಕ ಹಸ್ತಪ್ರತಿಯನ್ನು ಅಚ್ಚುಕೂಟಕ್ಕೆ ಒಪ್ಪಿಸಿದರೆ ಅವನ ಹೊಣೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಮೊಳೆಗಳ ಪೆಟ್ಟಿಗೆಯ ಮುಂದೆ ನಿಂತ ಕಂಪಾಸಿಟರ್ ಒಂದೊಂದೇ ಅಕ್ಷರವನ್ನು ಹೆಕ್ಕಿ ಜೋಡಿಸುತ್ತಿದ್ದ. ಎಲ್ಲಿ ಎಷ್ಟು ಜಾಗ ಬಿಡಬೇಕು, ಒತ್ತಕ್ಷರವನ್ನು ಹೇಗೆ ಕೂರಿಸಬೇಕು, ಸಾಲು ಎಲ್ಲಿ ಮುರಿಯಬೇಕು ಎಂಬುದೆಲ್ಲ ಅವನ ಬೆರಳುಗಳಿಗೆ ಗೊತ್ತಿತ್ತು. ಲೇಖಕನ ಪಾಲಿಗೆ ಉಳಿಯುತ್ತಿದ್ದುದು ಕರಡಚ್ಚನ್ನು ತಿದ್ದುವ ಕೆಲಸ. ಅದನ್ನೂ ಗೊಣಗುತ್ತ ಮಾಡುತ್ತಿದ್ದ. ಈಗ ಕಾಲ ತಿರುಗಿದೆ. ಪ್ರಬಂಧವನ್ನೊಪ್ಪಿಸುವ ವಿದ್ಯಾರ್ಥಿ, ಗಣಿತದ ಪಠ್ಯ ಬರೆಯುವ ಅಧ್ಯಾಪಕ, ಹಳೆಯ ಕಾವ್ಯವನ್ನು ಸಂಪಾದಿಸುವ ಪಂಡಿತ ಇವರೆಲ್ಲ ಅನೇಕ ವೇಳೆ ತಾವೇ ಕಂಪಾಸಿಟರ್ ಆಗಬೇಕು. ಆದರೆ ಕಂಪಾಸಿಟರ್ ಹಿರಿಯನೊಬ್ಬನ ಪಕ್ಕದಲ್ಲಿ ನಿಂತು, ಬೈಸಿಕೊಂಡು, ವರ್ಷಗಟ್ಟಲೆ ಕಲಿತ ಕಸುಬನ್ನು ಇವರು ಒಂದು ಪುಸ್ತಕದಿಂದ, ಒಂದು ಬೇಸಗೆಯ ರಜೆಯಲ್ಲಿ ಕಲಿಯಬೇಕಾಗಿದೆ.

ಇಂಥವರಿಗಾಗಿ ಇರುವ ಸಾಧನಗಳಲ್ಲಿ ಗೌರವದ ಸ್ಥಾನ ಟೆಕ್ ಎಂಬ ವ್ಯವಸ್ಥೆಗೂ ಅದರ ಮೇಲೆ ಕಟ್ಟಿದ ಲೇಟೆಕ್‌ಗೂ ಸಲ್ಲುತ್ತದೆ. ಇವುಗಳಲ್ಲಿ ಬರೆಯುವವನು ಪುಟವನ್ನು ಕಣ್ಣೆದುರಿಗೆ ಚಿತ್ರದಂತೆ ಕಾಣುತ್ತ ಕೂರುವುದಿಲ್ಲ. ಸಾದಾ ಅಕ್ಷರಗಳಲ್ಲಿ ಬರಹವನ್ನು ಬೆರಳಚ್ಚು ಮಾಡಿ, ನಡುನಡುವೆ ಹಿಂದಕ್ಕೆ ವಾಲಿದ ಗೆರೆಯೊಂದಿಗೆ ಆಜ್ಞೆಗಳನ್ನು ಸೇರಿಸುತ್ತಾನೆ: ಇದು ಅಧ್ಯಾಯದ ಹೆಸರು, ಇದು ಅಡಿಟಿಪ್ಪಣಿ, ಇದು ಸಮೀಕರಣ ಎಂದು. ಅನಂತರ ಯಂತ್ರಕ್ಕೆ ಒಪ್ಪಿಸಿದರೆ ಅದು ಸಾಲು ಮುರಿದು, ಪುಟ ಕಟ್ಟಿ, ಸಂಖ್ಯೆ ಹಾಕಿ ಕೊಡುತ್ತದೆ. ಗೆದ್ದವನಿಗೆ ಇದರಷ್ಟು ವಿಧೇಯನಾದ ಸೇವಕ ಬೇರೊಬ್ಬನಿಲ್ಲ. ಗೆಲ್ಲುವ ಮೊದಲು ಮಾತ್ರ ಇದು ಮೊಂಡು ಎತ್ತು. ಈ ಎತ್ತನ್ನು ಪಳಗಿಸಲು ಯಾವ ಪುಸ್ತಕವನ್ನು ಹಿಡಿಯಬೇಕು ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕುವ ಮೊದಲು ವ್ಯವಸ್ಥೆಯ ಜನ್ಮವೃತ್ತಾಂತವನ್ನು ಸ್ವಲ್ಪ ತಿಳಿದರೆ ಒಳ್ಳೆಯದು. ಪುಸ್ತಕಗಳ ಸ್ವಭಾವವೂ ಅದರಿಂದಲೇ ಹುಟ್ಟಿದುದಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ಗಣಕವಿಜ್ಞಾನದ ಮೇಲೆ ಹಲವು ಸಂಪುಟಗಳ ಮಹಾಗ್ರಂಥವೊಂದನ್ನು ಬರೆಯುತ್ತಿದ್ದರು. ಅದರ ಮೊದಲ ಸಂಪುಟ 1968ರಲ್ಲಿ ಸೀಸದ ಮೊಳೆಗಳ ಹಳೆಯ ಪದ್ಧತಿಯಲ್ಲಿ ಸೊಗಸಾಗಿ ಅಚ್ಚಾಗಿತ್ತು. ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು 1977ರಲ್ಲಿ ಅವರ ಕೈಸೇರಿತು. ಅಷ್ಟರಲ್ಲಿ ಸೀಸದ ಮೊಳೆ ಹೋಗಿ ಛಾಯಾಕ್ಷರಜೋಡಣೆ ಬಂದಿತ್ತು. ಅದರ ರೂಪವನ್ನು ಕಂಡು ಅವರಿಗೆ ಅತೀವ ಅಸಮಾಧಾನವಾಯಿತು. ಬೇರೆಯವರಾಗಿದ್ದರೆ ಪ್ರಕಾಶಕರಿಗೆ ಒಂದು ಖಾರವಾದ ಪತ್ರ ಬರೆದು ಸುಮ್ಮನಾಗುತ್ತಿದ್ದರೋ ಏನೋ! ಕನೂತ್ ತಾವೇ ಒಂದು ಅಕ್ಷರಜೋಡಣೆಯ ವ್ಯವಸ್ಥೆಯನ್ನು ಕಟ್ಟಲು ಕುಳಿತರು. ವರ್ಷವೊಂದರಲ್ಲಿ ಮುಗಿಯುವ ಕೆಲಸವೆಂದು ಅವರ ಎಣಿಕೆ. ಅದು ಸುಮಾರು ಹತ್ತು ವರ್ಷಗಳನ್ನು ನುಂಗಿತು. ಮನೆ ಕಟ್ಟಿ ನೋಡು ಎಂಬ ಗಾದೆ ಸ್ಟ್ಯಾನ್‌ಫರ್ಡಿನಲ್ಲಿಯೂ ಸಲ್ಲುತ್ತದೆಂದಾಯಿತು.

ಹೀಗೆ ಹುಟ್ಟಿದ ವ್ಯವಸ್ಥೆಗೆ ಅದರ ಕರ್ತೃವೇ ಬರೆದ ಪುಸ್ತಕ 'ದಿ ಟೆಕ್‌ಬುಕ್'. 1984ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ 27 ಅಧ್ಯಾಯಗಳೂ 10 ಅನುಬಂಧಗಳೂ ಇವೆ. ಪುಟಗಳು 483. ಶಾಸ್ತ್ರಗ್ರಂಥವೆಂದರೆ ಮುಖ ಗಂಟಿಕ್ಕಿಕೊಂಡಿರಬೇಕೆಂಬ ನಿಯಮವನ್ನು ಅದು ಪಾಲಿಸುವುದಿಲ್ಲ. ಪುಟಗಳ ನಡುವೆ ಡುವೇನ್ ಬಿಬ್ಬಿ ಎಂಬ ಕಲಾವಿದರು ಬರೆದ ಸಿಂಹವೊಂದು ಓಡಾಡುತ್ತದೆ. ಮಲೆನಾಡಿನ ಘಾಟಿಯಲ್ಲಿ ಅಪಾಯದ ತಿರುವಿಗೆ ಹಾಕುವ ಫಲಕದಂತೆ, ಕಠಿಣವಾದ ಭಾಗಗಳ ಪಕ್ಕದಲ್ಲಿ ವಕ್ರರೇಖೆಯ ಚಿಹ್ನೆಯಿದೆ. ಹೊಸಬರು ಅದನ್ನು ಬಿಟ್ಟು ಮುಂದೆ ಹೋಗಬಹುದು. ಎರಡು ಚಿಹ್ನೆಗಳಿದ್ದರೆ ಹಳಬರೂ ಎಚ್ಚರದಿಂದಿರಬೇಕು. ಪುಸ್ತಕವು ಮೊದಲು ಒಂದು ವಿಷಯವನ್ನು ಹೇಳುವಾಗ ಪೂರ್ಣ ಸತ್ಯವನ್ನು ಹೇಳಿರುವುದಿಲ್ಲವೆಂದೂ, ಕಲಿಕೆಗೆ ಅದೇ ಸುಲಭವೆಂದೂ ಕರ್ತೃವು ಮುನ್ನುಡಿಯಲ್ಲಿಯೇ ಎಚ್ಚರಿಸುತ್ತಾರೆ. ಅಭ್ಯಾಸಗಳಿಗೆಲ್ಲ ಉತ್ತರಗಳನ್ನು ಕೊನೆಯಲ್ಲಿ ಕೊಟ್ಟಿದ್ದಾರೆ. ಪುಸ್ತಕದಲ್ಲಿ ತಪ್ಪು ಕಂಡುಹಿಡಿದವರಿಗೆ 2.56 ಡಾಲರಿನ ಚೆಕ್ಕನ್ನು ಕಳುಹಿಸುವುದು ಅವರ ಪದ್ಧತಿಯಾಗಿತ್ತು. ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರುಂಟು.

ಇಷ್ಟೆಲ್ಲ ಗುಣಗಳಿರುವ ಪುಸ್ತಕವನ್ನು ಬಿಟ್ಟು ಬೇರೆಯದನ್ನು ಹುಡುಕುವುದೇಕೆ ಎಂದು ವಾಚಕರಿಗೆ ಅನ್ನಿಸಬಹುದು. ಇಲ್ಲಿಯೇ ತೊಡಕಿರುವುದು. ಮೂಲಕ್ಕೆ ಹೋಗಬೇಕು, ಮಧ್ಯವರ್ತಿಗಳ ಮಾತು ಬೇಡ ಎಂಬುದು ಓದಿದವರ ಒಂದು ಅಭಿಮಾನ. ಸಾಹಿತ್ಯದಲ್ಲಿ ಅದು ಬಹಳಮಟ್ಟಿಗೆ ಸರಿಯಾದ ಅಭಿಮಾನವೇ. ಆದರೆ ಕನ್ನಡ ಕಲಿಯಬಯಸುವ ಪರಭಾಷೆಯವನ ಕೈಗೆ ಮೊದಲ ದಿನವೇ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಕೊಟ್ಟರೆ ಏನಾಗುತ್ತದೆ? ಕೇಶಿರಾಜನ ಪಾಂಡಿತ್ಯದಲ್ಲಿ ಕೊರತೆಯಿಲ್ಲ. ಹಾಲು ಕೊಳ್ಳಲು ಹೊರಟವನಿಗೆ ಸಂಧಿಪ್ರಕರಣ ಒದಗುವುದಿಲ್ಲ, ಅಷ್ಟೆ. 'ಟೆಕ್‌ಬುಕ್' ಯಂತ್ರದ ಒಳಗನ್ನು ತೋರಿಸುತ್ತದೆ. ಅಕ್ಷರವೆಂದರೆ ಒಂದು ಪೆಟ್ಟಿಗೆ, ಪದಗಳ ನಡುವಿನ ಜಾಗವೆಂದರೆ ಹಿಗ್ಗುವ ಕುಗ್ಗುವ ಅಂಟು, ಸಾಲುಗಳನ್ನು ಒಂದೊಂದಾಗಿ ಮುರಿಯದೆ ಇಡೀ ಪರಿಚ್ಛೇದವನ್ನು ಒಟ್ಟಿಗೆ ತೂಗಿನೋಡಿ ಮುರಿಯಬೇಕು ಎಂಬ ವಿಚಾರಗಳು ಅಲ್ಲಿ ಅದ್ಭುತವಾಗಿ ನಿರೂಪಿತವಾಗಿವೆ. ಆದರೆ ಮುಂದಿನ ತಿಂಗಳು ಪ್ರಬಂಧವನ್ನೊಪ್ಪಿಸಬೇಕಾದ ವಿದ್ಯಾರ್ಥಿಗೆ ಬೇಕಾಗಿರುವುದು ಅಂಟಿನ ತತ್ತ್ವವಲ್ಲ. ವಿಷಯಸೂಚಿ ಹೇಗೆ ಬರುತ್ತದೆ ಎಂಬುದು. ಲೇಟೆಕ್‌ನ ಸಿದ್ಧ ಆಜ್ಞೆಗಳಂತೂ ಆ ಪುಸ್ತಕದಲ್ಲಿ ಸಿಗುವುದೇ ಇಲ್ಲ. ಅಜ್ಜಿಗೆ ಅರಿವೆಯ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ.

ಮೊಮ್ಮಗಳ ಚಿಂತೆಯನ್ನು ಅರಿತವರು ಲೆಸ್ಲಿ ಲ್ಯಾಂಪೋರ್ಟ್. ಇವರೂ ಗಣಕವಿಜ್ಞಾನಿಗಳೇ. ಟೆಕ್‌ನ ಸೂಕ್ಷ್ಮ ಆಜ್ಞೆಗಳನ್ನು ಕಟ್ಟುಕಟ್ಟಾಗಿ ಸೇರಿಸಿ, ಸಾಮಾನ್ಯ ಲೇಖಕನು ಬಳಸಬಹುದಾದ ರೂಪಕ್ಕೆ ತಂದರು. ಅದೇ ಲೇಟೆಕ್. ಅದರ ಬಗ್ಗೆ ಅವರು ಬರೆದ ಪುಸ್ತಕ 1986ರಲ್ಲಿ ಹೊರಬಂದಿತು, 1994ರಲ್ಲಿ ಪರಿಷ್ಕೃತವಾಯಿತು. ಮುನ್ನೂರು ಪುಟಗಳನ್ನು ಮುಟ್ಟದ ಈ ಚಿಕ್ಕ ಪುಸ್ತಕವು ಕಲಿಸುವ ಮುಖ್ಯ ಪಾಠ ಯಾವ ಆಜ್ಞೆಯೂ ಅಲ್ಲ, ಒಂದು ಮನೋಭಾವ. ಬರೆಯುವವನು 'ಈ ಸಾಲು ದಪ್ಪಕ್ಷರದಲ್ಲಿರಲಿ, ನಡುವಿಗೆ ಬರಲಿ' ಎಂದು ಯೋಚಿಸಬಾರದು. 'ಇದು ಅಧ್ಯಾಯದ ಹೆಸರು' ಎಂದು ಮಾತ್ರ ಹೇಳಬೇಕು. ಅದರ ಅಲಂಕಾರವನ್ನು ಬೇರೊಂದು ಕಡೆ ಒಮ್ಮೆ ನಿರ್ಧರಿಸಿದರೆ ಸಾಕು. ಅರ್ಥಕ್ಕೂ ವೇಷಕ್ಕೂ ಇರುವ ಈ ವ್ಯತ್ಯಾಸವನ್ನು ಮೊದಲ ವಾರದಲ್ಲಿ ಮನಸ್ಸಿಗೆ ತಂದುಕೊಂಡವನು ಮುಂದೆ ಕಷ್ಟಪಡುವುದಿಲ್ಲ. ತಂದುಕೊಳ್ಳದವನು ಹತ್ತು ವರ್ಷ ಬಳಸಿದರೂ ಪ್ರತಿಯೊಂದು ಶೀರ್ಷಿಕೆಯ ಜೊತೆಯೂ ಕುಸ್ತಿಯಾಡುತ್ತಿರುತ್ತಾನೆ. ಒಂದು ಪುಸ್ತಕವು ಕಲಿಯುವವನಿಗೆ ತಕ್ಕದ್ದೇ ಎಂದು ನೋಡಲು ಇದೊಂದು ಒರೆಗಲ್ಲು: ಮೊದಲ ಐವತ್ತು ಪುಟಗಳಲ್ಲಿ ಈ ಮಾತನ್ನು ಅದು ಹೇಳುತ್ತದೆಯೇ?

ಇನ್ನೊಂದು ಒರೆಗಲ್ಲು ತಪ್ಪುಗಳ ಅಧ್ಯಾಯ. ಎಲ್ಲವೂ ಸರಿಯಾಗಿ ನಡೆದಾಗ ಏನಾಗುತ್ತದೆಂದು ಹೇಳುವುದು ಸುಲಭ. ಕಲಿಯುವವನ ಮೊದಲ ತಿಂಗಳು ಕಳೆಯುವುದು ಯಾವುದೂ ಸರಿಯಾಗಿ ನಡೆಯದಿರುವಾಗ. ಒಂದು ಬಾಗಿದ ಆವರಣಚಿಹ್ನೆಯನ್ನು ಮುಚ್ಚಲು ಮರೆತರೆ ಸಾಕು, ಯಂತ್ರವು ಎಲ್ಲಿಯೋ ಮುಂದಿನ ಪುಟದಲ್ಲಿ ಎಡವಿ, 'ರನ್‌ಅವೇ ಆರ್ಗ್ಯುಮೆಂಟ್' ಎಂದೋ ಮತ್ತೇನೋ ಎಂದೋ ದೂರು ಹೇಳುತ್ತದೆ. 'ಓವರ್‌ಫುಲ್ ಎಚ್‌ಬಾಕ್ಸ್' ಎಂಬ ಮಾತನ್ನು ಮೊದಲ ಬಾರಿ ಕಂಡವನು ಯಂತ್ರದೊಳಗೆ ಏನೋ ತುಂಬಿ ಒಡೆಯಲಿದೆಯೆಂದು ಹೆದರಬಹುದು. ಒಂದು ಸಾಲು ಅಂಚನ್ನು ಮೀರಿ ತುಸು ಹೊರಚಾಚಿದೆ ಎಂಬಷ್ಟೇ ಅದರ ಅರ್ಥ. 'ಮೂರನೆಯ ಅಧ್ಯಾಯವನ್ನು ನೋಡಿ' ಎಂದಿರಬೇಕಾದ ಕಡೆ ಮೊದಲ ಸಲ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಬರುತ್ತವೆ. ಯಂತ್ರವು ಮೊದಲ ಸುತ್ತಿನಲ್ಲಿ ಸಂಖ್ಯೆಗಳನ್ನು ಒಂದು ಕಡೆ ಬರೆದಿಟ್ಟುಕೊಂಡು ಎರಡನೆಯ ಸುತ್ತಿನಲ್ಲಿ ಅವನ್ನು ಸ್ವಸ್ಥಾನಕ್ಕೆ ಸೇರಿಸುತ್ತದೆ. ಆದುದರಿಂದ ಎರಡು ಸಲ ಓಡಿಸಬೇಕು. ಈ ಒಂದು ವಾಕ್ಯವನ್ನು ಪುಸ್ತಕ ಹೇಳದೆ ಬಿಟ್ಟರೆ ಓದುಗನು ಇಡೀ ರಾತ್ರಿ ಕಳೆಯಬಹುದು. ಲ್ಯಾಂಪೋರ್ಟರ ಪುಸ್ತಕದಲ್ಲಿ ತಪ್ಪುಗಳಿಗೇ ಒಂದು ಅಧ್ಯಾಯವಿದೆ. ತಪ್ಪಿಗೆ ಅಧ್ಯಾಯವನ್ನು ಮೀಸಲಿಟ್ಟ ಗುರುವು ಶಿಷ್ಯನನ್ನು ಕಂಡಿರುವ ಗುರುವೆಂದು ನಂಬಬಹುದು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ವಿದ್ಯೆಯಲ್ಲಿ ಮಾತ್ರ ಅನೇಕ ವೇಳೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ; ಕುಣಿಯಲು ಹೊರಟವಳು ತನ್ನ ಕಾಲೇ ಸರಿಯಿಲ್ಲವೆಂದು ನೊಂದು ಹಿಂದಿರುಗುತ್ತಾಳೆ.

ಮೂರನೆಯ ಬಗೆಯ ಪುಸ್ತಕವೊಂದಿದೆ. ಅದು ಕೋಶದ ಜಾತಿಗೆ ಸೇರಿದುದು. 'ದಿ ಲೇಟೆಕ್ ಕಂಪ್ಯಾನಿಯನ್' ಎಂಬ ಗ್ರಂಥ 1994ರಲ್ಲಿ ಮೊದಲು ಬಂದಾಗ ಅದಕ್ಕೆ ಐನೂರು ಪುಟಗಳ ಆಸುಪಾಸಿನ ಗಾತ್ರವಿತ್ತು. 2004ರ ಆವೃತ್ತಿ ಸಾವಿರ ಪುಟವನ್ನು ಮೀರಿತು. ಫ್ರಾಂಕ್ ಮಿಟ್ಟೆಲ್‌ಬಾಕ್ ಅವರ ನೇತೃತ್ವದಲ್ಲಿ 2023ರಲ್ಲಿ ಹೊರಬಂದ ಮೂರನೆಯ ಆವೃತ್ತಿ ಎರಡು ಸಂಪುಟಗಳಾಗಿ, ಸುಮಾರು ಎರಡು ಸಾವಿರ ಪುಟಗಳಿಗೆ ಬೆಳೆದಿದೆ. ಲೇಟೆಕ್‌ಗೆ ಜಗತ್ತಿನ ಬಳಕೆದಾರರು ಬರೆದು ಸೇರಿಸಿದ ನೂರಾರು ಉಪಾಂಗಗಳ ಪರಿಚಯ ಅದರಲ್ಲಿದೆ. ಇಷ್ಟು ದೊಡ್ಡ ಗ್ರಂಥವನ್ನು ಕೊಂಡರೆ ವಿದ್ಯೆಯೂ ಜೊತೆಗೇ ಬರುವುದೆಂಬ ಭ್ರಮೆ ಸಹಜ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗಿನಿಂದ ಕನ್ನಡ ವಿದ್ವಾಂಸರ ಮೇಜಿನ ಮೇಲೆ ಅದಕ್ಕೆ ಖಾಯಂ ಸ್ಥಾನವಿದೆ. ಆದರೆ ಅಕಾರದಿಂದ ಓದತೊಡಗಿ ಹಕಾರ ಮುಗಿಯುವಷ್ಟರಲ್ಲಿ ಕನ್ನಡವನ್ನು ಕಲಿತವರಿಲ್ಲ. ಕೋಶವು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಬಂದವನಿಗೆ ಉತ್ತರ ಕೊಡುತ್ತದೆ. ಪ್ರಶ್ನೆಯನ್ನು ಹುಟ್ಟಿಸುವುದು ಅದರ ಕೆಲಸವಲ್ಲ. ಆದುದರಿಂದ ಆ ಗ್ರಂಥವನ್ನು ಆರು ತಿಂಗಳ ಅನಂತರ ಕೊಳ್ಳುವುದು ಜಾಣತನ. ಅಲ್ಲಿಯವರೆಗೆ ಗ್ರಂಥಾಲಯದಲ್ಲಿ ಕಂಡು ನಮಸ್ಕರಿಸಿದರೆ ಸಾಕು.

ಹಾಗಾದರೆ ಮೊದಲ ದಿನ ಕೈಗೆತ್ತಿಕೊಳ್ಳಬೇಕಾದುದು ಯಾವುದು? ವಿಚಿತ್ರವೆಂದರೆ ಅದಕ್ಕೆ ಹಣವನ್ನೇ ಕೊಡಬೇಕಾಗಿಲ್ಲ. ಟೊಬಿಯಾಸ್ ಓಟಿಕರ್ ಮತ್ತು ಸಂಗಡಿಗರು ಸಿದ್ಧಪಡಿಸಿದ, 'ಅಷ್ಟೇನೂ ಚಿಕ್ಕದಲ್ಲದ ಪರಿಚಯ' ಎಂಬರ್ಥದ ಹೆಸರಿನ ಪುಸ್ತಿಕೆಯೊಂದಿದೆ. ಆಸ್ಟ್ರಿಯಾ ದೇಶದ ಮೂವರು ಜರ್ಮನ್ ಭಾಷೆಯಲ್ಲಿ ಬರೆದ ಪರಿಚಯವೊಂದು ಅದರ ಬೇರು. ಎಷ್ಟು ನಿಮಿಷಗಳಲ್ಲಿ ಕಲಿಯಬಹುದೆಂದು ಅದರ ಉಪಶೀರ್ಷಿಕೆಯಲ್ಲಿಯೇ ಲೆಕ್ಕ ಹೇಳಿದೆ. ಪುಸ್ತಿಕೆಯ ಪುಟಗಳು ಹೆಚ್ಚಿದಂತೆ ನಿಮಿಷಗಳೂ ಹೆಚ್ಚುತ್ತ ಬಂದಿವೆ. ಅದನ್ನು ಯಾರು ಬೇಕಾದರೂ ಪಡೆದು ಅಚ್ಚುಹಾಕಿಸಿಕೊಳ್ಳಬಹುದು. ನಮ್ಮ ನೆರೆಯ ತಿರುವನಂತಪುರದಲ್ಲಿ ಭಾರತೀಯ ಟೆಕ್ ಬಳಕೆದಾರರ ಸಂಘದವರು 2003ರಲ್ಲಿ ಹೊರತಂದ ಪ್ರಥಮ ಪಾಠಗಳ ಪುಸ್ತಕವೂ ಹೀಗೆಯೇ ಉಚಿತವಾದುದು. ತರಗತಿಯಲ್ಲಿ ಪಾಠ ಹೇಳುವ ಕ್ರಮದಲ್ಲಿ ಅದು ಹಂತಹಂತವಾಗಿ ನಡೆಯುತ್ತದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂಬ ಲೋಕರೂಢಿ ಇಲ್ಲಿ ಮೋಸಗೊಳಿಸುತ್ತದೆ. ಓದುಗನು ಆ ತೆಳು ಪುಸ್ತಿಕೆಯನ್ನು ಕಡೆಗಣಿಸಿ, ಬೆಲೆಯುಳ್ಳ ದಪ್ಪ ಗ್ರಂಥವನ್ನು ಕೊಂಡು, ಅದರ ಮೂವತ್ತನೆಯ ಪುಟದಲ್ಲಿ ಗುರುತಿನ ಚೀಟಿಯನ್ನಿಟ್ಟು ಅಲ್ಲಿಯೇ ನಿಲ್ಲುತ್ತಾನೆ. ಕೊನೆಯ ಪುಟವನ್ನು ಮುಟ್ಟಿಸುವ ಪುಸ್ತಕವೇ ಒಳ್ಳೆಯ ಮೊದಲ ಪುಸ್ತಕ.

ಪುಸ್ತಕದ ವಯಸ್ಸನ್ನೂ ವಿಚಾರಿಸಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೆಯ ಪುಸ್ತಕಗಳ ಬೀದಿಯಲ್ಲಿ ಹೋಗುವವನಿಗೆ ಅಗ್ಗದಲ್ಲಿ ಲೇಟೆಕ್ ಪುಸ್ತಕ ಸಿಕ್ಕುವುದು ಅಸಂಭವವಲ್ಲ. ಕೊಳ್ಳುವ ಮೊದಲು ಆತ ಮೊದಲನೆಯ ಉದಾಹರಣೆಯನ್ನು ತೆರೆದು ನೋಡಲಿ. ಅದು 'ಡಾಕ್ಯುಮೆಂಟ್‌ಸ್ಟೈಲ್' ಎಂಬ ಆಜ್ಞೆಯಿಂದ ಆರಂಭವಾದರೆ ಪುಸ್ತಕವು 1994ಕ್ಕೆ ಹಿಂದಿನ ಲೇಟೆಕ್‌ಗೆ ಸಂಬಂಧಿಸಿದ್ದು. ಹೊಸದು 'ಡಾಕ್ಯುಮೆಂಟ್‌ಕ್ಲಾಸ್' ಎಂದು ಆರಂಭಿಸುತ್ತದೆ. ಗಣಿತದವನಾದರೆ, ಸಮೀಕರಣಗಳನ್ನು ಸಾಲಾಗಿ ಜೋಡಿಸುವ ಭಾಗವನ್ನು ನೋಡಲಿ. 'ಎಕ್ನ್‌ಅರೇ' ಎಂಬುದನ್ನೇ ಅಲ್ಲಿ ಹೊಗಳಿದ್ದರೆ ಪುಸ್ತಕವನ್ನು ವಿನಯದಿಂದ ಕೆಳಗಿಡಬಹುದು. ಅದು ಸಮಚಿಹ್ನೆಯ ಇಕ್ಕೆಲಗಳಲ್ಲಿ ಬೇಡದಷ್ಟು ಜಾಗ ಬಿಡುವುದರಿಂದ, ಅಮೆರಿಕನ್ ಗಣಿತ ಸಂಘದವರ ಉಪಾಂಗದಲ್ಲಿರುವ 'ಅಲೈನ್' ಎಂಬುದನ್ನೇ ಬಲ್ಲವರು ಬಳಸುತ್ತಾರೆ. ಕೊನೆಯದಾಗಿ, ಪದಸೂಚಿಯನ್ನು ತೆರೆದು ತನಗೆ ಬೇಕಾದ ಮೂರು ಸಂಗತಿಗಳನ್ನು ಹುಡುಕಲಿ. ಎರಡು ಸಿಕ್ಕದಿದ್ದರೆ ಪುಸ್ತಕ ಬೇರೆ ಯಾರಿಗಾಗಿಯೋ ಬರೆದದ್ದು. ಆದರೆ ಎಲ್ಲ ಹಳೆಯ ಪುಸ್ತಕಗಳೂ ಹಳಸುವುದಿಲ್ಲ. ಕನೂತ್ ತಮ್ಮ ವ್ಯವಸ್ಥೆಗೆ ಹೊಸ ಸೌಲಭ್ಯಗಳನ್ನು ಸೇರಿಸುವುದನ್ನು ಎಂದೋ ನಿಲ್ಲಿಸಿ, ತಪ್ಪುಗಳನ್ನು ಮಾತ್ರ ತಿದ್ದುತ್ತ ಬಂದಿದ್ದಾರೆ. ಪ್ರತಿ ತಿದ್ದುಪಡಿಗೂ ಅದರ ಆವೃತ್ತಿಯ ಸಂಖ್ಯೆ 3.14 ಎಂದು ಮೊದಲಾಗುವ, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣದ ಕಡೆಗೆ ಒಂದೊಂದು ಅಂಕಿಯಷ್ಟು ಹತ್ತಿರವಾಗುತ್ತದೆ. ಹೀಗಾಗಿ ಬೇರು ಬಹುಮಟ್ಟಿಗೆ ಹಾಗೆಯೇ ಇದೆ. ರೆಂಬೆಗಳು ಮಾತ್ರ ಬೆಳೆಯುತ್ತಿವೆ. ಬೇರಿನ ಪುಸ್ತಕ ಹಳೆಯದಾದರೂ ಸಲ್ಲುತ್ತದೆ, ರೆಂಬೆಯ ಪುಸ್ತಕ ಹೊಸದಾಗಿರಬೇಕು.

ಇಲ್ಲಿಯವರೆಗೆ ಹೇಳಿದುದು ಯಾವ ದೇಶದ ಓದುಗನಿಗೂ ಒಪ್ಪುವ ಮಾತು. ಕನ್ನಡದಲ್ಲಿ ಬರೆಯುವವನ ಪಾಡು ಇನ್ನೂ ಸ್ವಲ್ಪ ಬೇರೆ. ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುತ್ತಿರುವ ಅಧ್ಯಾಪಕನ ಸ್ಥಿತಿಯನ್ನು ನೋಡಬೇಕು. ನಾಲ್ಕು ಓಲೆಪ್ರತಿಗಳನ್ನು ಹೋಲಿಸಿ, ಕಣ್ಣುಗಳನ್ನು ಸವೆಸಿ, ಆತ ಪಾಠಾಂತರಗಳನ್ನು ಸಂಗ್ರಹಿಸಿದ್ದಾನೆ. ಪ್ರತಿಯೊಂದು ಪದ್ಯದ ಕೆಳಗೂ ಯಾವ ಪ್ರತಿಯಲ್ಲಿ ಯಾವ ಪಾಠವೆಂದು ಸಾಲಿನ ಸಂಖ್ಯೆಯೊಡನೆ ಬರಬೇಕು. ಸಾಮಾನ್ಯ ಬರಹದ ತಂತ್ರಾಂಶದಲ್ಲಿ ಒಂದು ಪದ್ಯವನ್ನು ನಡುವೆ ಸೇರಿಸಿದರೆ, ಕೈಯಿಂದ ಹಾಕಿದ ಸಂಖ್ಯೆಗಳೆಲ್ಲ ಸ್ಥಳಾಂತರಗೊಳ್ಳುತ್ತವೆ. ಇಪ್ಪತ್ತನೆಯ ಸಾಲಿನ ಪಾಠಾಂತರ ಇಪ್ಪತ್ತನಾಲ್ಕನೆಯದಕ್ಕೆ ಅಂಟಿಕೊಂಡರೆ, ಅದು ಅಚ್ಚಿನ ತಪ್ಪಲ್ಲ, ವಿದ್ವತ್ತಿನ ತಪ್ಪಾಗಿಬಿಡುತ್ತದೆ. ಮುಂದಿನ ತಲೆಮಾರಿನವರು ಅದನ್ನೇ ನಂಬಿ ನಡೆಯುತ್ತಾರೆ. ಓಲೆಗರಿಗಳು ಕಾಯುವುದಿಲ್ಲ. ಹುಳು ತಿಂದ ಮೇಲೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಇಂಥವನಿಗೆ ಅಕ್ಷರಜೋಡಣೆಯ ವ್ಯವಸ್ಥೆ ಹವ್ಯಾಸವಲ್ಲ. ವರ್ಷಗಳ ಶ್ರಮವನ್ನು ಸುರಕ್ಷಿತವಾಗಿ ದಡ ಸೇರಿಸುವ ದೋಣಿ.

ಈತನು 'ಟೆಕ್‌ಬುಕ್' ಹಿಡಿದರೂ ಲ್ಯಾಂಪೋರ್ಟರ ಪುಸ್ತಕ ಹಿಡಿದರೂ ಕನ್ನಡವನ್ನು ಬರೆಯುವ ಬಗೆ ಅಲ್ಲಿ ದೊರೆಯುವುದಿಲ್ಲ. ಅದು ಗ್ರಂಥಕರ್ತರ ದೋಷವಲ್ಲ. 'ಟೆಕ್‌ಬುಕ್' ಬಂದಾಗ ಯೂನಿಕೋಡ್ ಎಂಬುದೇ ಹುಟ್ಟಿರಲಿಲ್ಲ. ಕನ್ನಡವನ್ನೊಳಗೊಂಡ ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಯೂನಿಕೋಡಿನ ಆರು ಸಂಕೇತಗಳು ಅಡಗಿವೆ. 'ಕರ್ಮ' ಎಂಬಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವತ್ತಾಗಿ ಮಕಾರದ ಹಿಂದೆ ಹೋಗಿ ನಿಲ್ಲುತ್ತದೆ. ಹಳೆಯ ಕಂಪಾಸಿಟರ್ ಬೆರಳಿನಿಂದ ಮಾಡುತ್ತಿದ್ದ ಈ ಜೋಡಣೆಯನ್ನು ಯಂತ್ರಕ್ಕೆ ಕಲಿಸುವ ಕೆಲಸವನ್ನು ಅನಂತರದವರು ಮಾಡಿದರು. ಜೋನಾಥನ್ ಕ್ಯೂ ಅವರ ಜೀಟೆಕ್ 2004ರಲ್ಲಿ ಬಂದಿತು. ಅಕ್ಷರಗಳನ್ನು ಹೀಗೆ ಹೆಣೆಯುವ ಶಕ್ತಿಯುಳ್ಳ ಲುವಾಟೆಕ್‌ನ ರೂಪವು 2020ರ ಹೊತ್ತಿಗೆ ಸಾರ್ವತ್ರಿಕ ವಿತರಣೆಯಲ್ಲಿ ಸೇರಿತು. ಇವುಗಳಲ್ಲಿ ಕನ್ನಡವನ್ನು ಕನ್ನಡವಾಗಿಯೇ ಬೆರಳಚ್ಚು ಮಾಡಬಹುದು. ಆದುದರಿಂದ ಕನ್ನಡದ ಕಲಿಯುಗನು ಪುಸ್ತಕದ ಪದಸೂಚಿಯಲ್ಲಿ ಮೊದಲು ಹುಡುಕಬೇಕಾದದ್ದು ಜೀಟೆಕ್ ಅಥವಾ ಲುವಾಟೆಕ್ ಎಂಬ ಹೆಸರು. ಫಾಂಟ್‌ಸ್ಪೆಕ್, ಪಾಲಿಗ್ಲಾಸಿಯಾ ಎಂಬ ಉಪಾಂಗಗಳ ಪ್ರಸ್ತಾಪವಿದ್ದರೆ ಇನ್ನೂ ಉತ್ತಮ. ಇಲ್ಲದಿದ್ದರೆ ಆ ಪುಸ್ತಕ ಎಷ್ಟೇ ಪ್ರಸಿದ್ಧವಾಗಿದ್ದರೂ ಅವನನ್ನು ಹೊಳೆಯ ನಡುವೆ ಇಳಿಸಿಹೋಗುವ ಅಂಬಿಗ.

ಪಾಠಾಂತರಗಳ ವಿಷಯದಲ್ಲಿ ಆತನಿಗೆ ಒಂದು ಸಂತೋಷದ ಸುದ್ದಿಯಿದೆ. ಗ್ರಂಥಸಂಪಾದನೆಗೆಂದೇ ಎಡ್‌ಮ್ಯಾಕ್ ಎಂಬ ಉಪಕರಣವನ್ನು ಜಾನ್ ಲವಾನಿನೊ ಮತ್ತು ಡೊಮಿನಿಕ್ ವುಜಾಸ್ತಿಕ್ ಸಿದ್ಧಪಡಿಸಿದ್ದರು. ಇವರಲ್ಲಿ ಎರಡನೆಯವರು ಸಂಸ್ಕೃತ ವಿದ್ವಾಂಸರು. ಓಲೆಪ್ರತಿಯ ಕಷ್ಟ ಓಲೆಪ್ರತಿಯನ್ನು ಹಿಡಿದವರಿಗೇ ಗೊತ್ತು. ಅದೇ ಪರಂಪರೆಯಲ್ಲಿ ಬೆಳೆದ ರೆಲೆಡ್‌ಮ್ಯಾಕ್ ಎಂಬ ಉಪಾಂಗವು ಇಂದು ಲೇಟೆಕ್‌ನಲ್ಲಿ ಆ ಕೆಲಸವನ್ನು ಮಾಡುತ್ತದೆ. ಪದ್ಯವನ್ನು ಎಲ್ಲಿ ಸೇರಿಸಿದರೂ ಸಾಲಿನ ಸಂಖ್ಯೆಯೂ ಪಾಠಾಂತರವೂ ಒಟ್ಟಿಗೆ ಚಲಿಸುತ್ತವೆ. ಆದರೆ ಇದರ ವಿವರವನ್ನು ಪ್ರಥಮ ಪಾಠಗಳ ಪುಸ್ತಕದಲ್ಲಿ ನಿರೀಕ್ಷಿಸಬಾರದು. ಅದರ ಕೈಪಿಡಿಯನ್ನೇ ಓದಬೇಕು. ಪ್ರತಿಯೊಂದು ಉಪಾಂಗದೊಡನೆಯೂ ಅದರ ಕರ್ತೃ ಬರೆದ ಕೈಪಿಡಿ ಸಾಮಾನ್ಯವಾಗಿ ಬಂದೇ ಇರುತ್ತದೆ. ಕಪಾಟಿನಲ್ಲಿ ಕಾಣದ ಈ ಪುಸ್ತಕಗಳೇ ಕೊನೆಗೆ ಹೆಚ್ಚು ಕೆಲಸಕ್ಕೆ ಬರುತ್ತವೆ. ಮೊದಲ ಪುಸ್ತಕವನ್ನು ಮುಗಿಸಿದವನಿಗೆ ಅವುಗಳ ಭಾಷೆ ತಿಳಿಯುತ್ತದೆ, ಮುಗಿಸದವನಿಗೆ ಗ್ರೀಕ್.

ಯಂತ್ರವನ್ನೇ ಕೇಳಿದರೆ ಉತ್ತರ ಹೇಳುವ ಈ ದಿನಗಳಲ್ಲಿ ಪುಸ್ತಕದ ಆರಿಕೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಆಕ್ಷೇಪಿಸುವವರುಂಟು. ಉತ್ತರಗಳು ಈಗ ಅಗ್ಗವಾಗಿವೆ, ನಿಜ. ಆದರೆ ಏನನ್ನು ಕೇಳಬೇಕೆಂದು ತಿಳಿಯದವನಿಗೆ ಉತ್ತರಗಳ ರಾಶಿಯಿಂದ ಪ್ರಯೋಜನವಿಲ್ಲ. ಹತ್ತು ಕಡೆಯಿಂದ ಹತ್ತು ತುಣುಕುಗಳನ್ನು ತಂದು ಅಂಟಿಸಿದ ಬರಹವು, ಅವುಗಳಲ್ಲಿ ಯಾವುದು ಯಾವುದರೊಡನೆ ಜಗಳವಾಡುತ್ತಿದೆಯೆಂದು ತಿಳಿಯದಂತೆ ಒಂದು ದಿನ ನಿಂತುಹೋಗುತ್ತದೆ. ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮನುಷ್ಯನು ಒಂದೇ ಧ್ವನಿಯಲ್ಲಿ ಹೇಳಿದ ಮಾತಿಗೆ ಒಂದು ಕ್ರಮವಿರುತ್ತದೆ. ಆ ಕ್ರಮವೇ ವಿದ್ಯೆ. ಅದನ್ನು ಓದುವಾಗಲೂ ಕೈ ಸುಮ್ಮನಿರಬಾರದು: ಪ್ರತಿಯೊಂದು ಉದಾಹರಣೆಯನ್ನೂ ತಾನೇ ಬೆರಳಚ್ಚು ಮಾಡಿ, ಬೇಕೆಂದೇ ಒಂದು ಆವರಣಚಿಹ್ನೆಯನ್ನು ತೆಗೆದು, ಯಂತ್ರ ಏನೆಂದು ದೂರುತ್ತದೆಂದು ನೋಡಬೇಕು. ಮಣ್ಣಿನ ಮೂರ್ತಿ ಬಾಣವನ್ನು ತಿದ್ದಲಿಲ್ಲ, ಏಕಲವ್ಯನೇ ಎಸೆದೆಸೆದು ತಿದ್ದಿಕೊಂಡ.

ಆದುದರಿಂದ ಕ್ರಮವು ಹೀಗಿರಲಿ. ಮೊದಲು ಒಂದು ವಾರದಲ್ಲಿ ಮುಗಿಯುವ ತೆಳು ಪುಸ್ತಿಕೆ, ಅದರ ಜೊತೆಯಲ್ಲಿಯೇ ತನ್ನ ಸ್ವಂತ ಬರಹದ ಹತ್ತು ಪುಟ. ಅನಂತರ ಬರಹದ ಕಟ್ಟನ್ನೂ ವೇಷವನ್ನೂ ಬೇರ್ಪಡಿಸಿ ಯೋಚಿಸಲು ಕಲಿಸುವ ಒಂದು ಪಠ್ಯ. ಕೆಲಸ ಬೆಳೆದಂತೆ ಕೋಶ, ಕೈಪಿಡಿಗಳು. ಕೊನೆಗೆ, ಅವಸರವಿಲ್ಲದ ಒಂದು ರಜೆಯಲ್ಲಿ, 'ಟೆಕ್‌ಬುಕ್'. ಮೊದಲು ಓದಿದ್ದರೆ ಬೆದರಿಸುತ್ತಿದ್ದ ಸಿಂಹ ಆಗ ಸ್ನೇಹಿತನಂತೆ ಕಾಣುತ್ತದೆ. ಅಪಾಯದ ತಿರುವುಗಳಲ್ಲಿ ನಿಂತು ಕಣಿವೆಯ ಸೊಬಗನ್ನು ನೋಡುವ ಧೈರ್ಯ ಬರುತ್ತದೆ. ನಾಲ್ಕು ಓಲೆಪ್ರತಿಗಳ ಆ ಅಧ್ಯಾಪಕನು ಅಷ್ಟು ದೂರ ಹೋಗದಿದ್ದರೂ ಚಿಂತೆಯಿಲ್ಲ. ಅವನ ಕಾವ್ಯ ಸರಿಯಾದ ಸಾಲುಸಂಖ್ಯೆಗಳೊಡನೆ ಅಚ್ಚಾದರೆ ಅವನ ಗುರುಗಳ ಋಣ ತೀರಿತು. ಇನ್ನೂ ಬಿಡುವಿದ್ದರೆ, ತಾನು ಎಡವಿದ ಕಲ್ಲುಗಳ ಗುರುತನ್ನು ಹತ್ತು ಪುಟ ಕನ್ನಡದಲ್ಲಿ ಬರೆದಿಡಲಿ. ಅವನ ಹಿಂದೆ ಬರುವವನಿಗೆ ಆ ಹತ್ತು ಪುಟಗಳೇ ಮೊದಲ ಪುಸ್ತಕವಾದೀತು.